ಲ್ಯಾಪ್‌ಟಾಪ್ ರಿಪೇರಿಗೆ ಕೊಡುವಾಗ ಚಾರ್ಜರ್ ಮನೆಯಲ್ಲಿ ಬಿಟ್ಟು ಹೋಗಬೇಡಿ

ಮೊದಲೇ ಹೇಳಿಬಿಡ್ತೇನೆ, ಇದನ್ನು ಬರೆಯಲು ನನಗೆ ನಾಚಿಕೆ. ಹದಿಮೂರು ವರ್ಷದಿಂದ ಅಂಗಡಿಯವರ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕುವವಳು ನಾನು. ಬಿಲ್ ಇಲ್ಲದೆ ಒಂದು ಮೊಳೆಯೂ ತರಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು. ಅಂಥವಳು ಬಿಲ್ ಇಲ್ಲದೆ 7,700 ರೂಪಾಯಿ ಕೊಟ್ಟು ಬಂದಿದ್ದೇನೆ. ಹಾಳಾಗದ ಬ್ಯಾಟರಿಗೆ, ಹಾಳಾಗದ ಬೋರ್ಡಿಗೆ.

ಜುಲೈ ತಿಂಗಳು. ಮಂಗಳೂರಿನ ಮಳೆ ಗೊತ್ತಲ್ಲ, ಕರೆಂಟ್ ಹೋಗಿ ಬಂದು ಹೋಗಿ ಬಂದು. ನನ್ನ ಲ್ಯಾಪ್‌ಟಾಪ್ ವೈರ್ ಸಿಕ್ಕಿಸಿದರೆ ನಡೆಯುತ್ತದೆ, ಕರೆಂಟ್ ಹೋದರೆ ಪಕ್ಕನೆ ಆಫ್. ಬ್ಯಾಟರಿ ಸೊನ್ನೆ. ಮೂಲೆಯಲ್ಲಿ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಅಂತ ಬರುತ್ತಿತ್ತು. ಬೇರೆ ಪ್ಲಗ್ ನೋಡಿದೆ. ಆಫ್ ಮಾಡಿ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದೆ. ವಿಂಡೋಸಿನ ಡಿವೈಸ್ ಮ್ಯಾನೇಜರಿಗೆ ಹೋಗಿ ಬ್ಯಾಟರಿ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಜಪ್ಪಯ್ಯ ಅಂದರೂ ಇಲ್ಲ. 20ನೇ ತಾರೀಕಿನೊಳಗೆ ಜಿಎಸ್‌ಟಿಯ ತಿಂಗಳ ಲೆಕ್ಕ, 3ಬಿ ರಿಟರ್ನ್, ಹೋಗಬೇಕು, ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದೂ ಒಬ್ಬೊಬ್ಬ ಪಾರ್ಟಿಗೆ, ಅಂದರೆ ನಾನು ಲೆಕ್ಕ ಬರೆಯುವ ಒಬ್ಬೊಬ್ಬ ಅಂಗಡಿಯವರಿಗೆ. ಮಂಡೆ ಬಿಸಿಯಾಗಿತ್ತು.

ಹಂಪನಕಟ್ಟೆ ಹತ್ತಿರ ಒಂದು ಹಳೇ ಕಾಂಪ್ಲೆಕ್ಸಿನ ಮೇಲಿನ ಮಾಳಿಗೆಯಲ್ಲಿ ರಿಪೇರಿ ಅಂಗಡಿ. ನಮ್ಮವರ ಆಫೀಸಿನವರು ಹೇಳಿದ್ದು, ಒಳ್ಳೆ ಕೆಲಸ ಅಂತೆ. ಫೋನ್ ಮಾಡಿದೆ. “ಚಾರ್ಜರ್ ಎಂತಕ್ಕೆ ಅಕ್ಕ, ನಮ್ಮಲ್ಲಿ ಉಂಟಲ್ಲ. ಲ್ಯಾಪ್‌ಟಾಪ್ ಮಾತ್ರ ತನ್ನಿ” ಅಂದ. ಮಳೆಗೆ ಒಂದು ಸಾಮಾನು ಕಮ್ಮಿ ಆಯ್ತಲ್ಲ ಅಂತ ನನಗೆ ಖುಷಿಯೇ ಆಯಿತು. ನೋಡಿ, ಇಲ್ಲೇ ನಾನು ಸಿಕ್ಕಿಬಿದ್ದದ್ದು. ಇಲ್ಲೇ!

ಹೋದೆ. ಲ್ಯಾಪ್‌ಟಾಪ್ ತೆಗೆದುಕೊಂಡು ಕರ್ಟನ್ ಹಿಂದೆ ಹೋದ. ಹತ್ತು ನಿಮಿಷಕ್ಕೆ ಬಂದು “ಬ್ಯಾಟರಿ ಡೆಡ್ ಅಕ್ಕ” ಅಂದ. ಹೊಸತು ಹಾಕಿದರೆ 4,200. ಬಿಲ್ ಕೇಳಿದೆ. “ಬಿಲ್ ಬೇಕಾದ್ರೆ 18 ಪರ್ಸೆಂಟ್ ಜಾಸ್ತಿ ಆಗ್ತದೆ. ನಿಮಗೆ ಸುಮ್ನೆ ಯಾಕೆ?” ಅಂದ. ನಾನು, ಜಿಎಸ್‌ಟಿ ಮೇಡಂ, “ಹೌದಲ್ಲ, ಬೇಡ ಬಿಡಿ” ಅಂದೆ. ಫೋನಿನಲ್ಲಿ ದುಡ್ಡು ಹಾಕಿದೆ. ಹಳೇ ಬ್ಯಾಟರಿ ಕೊಡಿ ಅಂದರೆ ಅದು ಎಕ್ಸ್‌ಚೇಂಜಿಗೆ ಹೋಯಿತು, ವಾಪಸ್ ಇಲ್ಲ ಅಂದ. ಸಂಜೆ ಅವನ ಚಾರ್ಜರ್ ಸಿಕ್ಕಿಸಿ ತೋರಿಸಿದ. ದೀಪ ಹೊತ್ತಿತು, ಪರ್ಸೆಂಟ್ ಏರಿತು. 96ಕ್ಕೆ ತಂದುಕೊಟ್ಟ. ಥ್ಯಾಂಕ್ಸ್ ಬೇರೆ ಹೇಳಿ ಬಂದೆ.

ಮನೆಗೆ ಬಂದು ಎರಡು ಗಂಟೆ ಕೆಲಸ ಮಾಡಿದೆ. ಖಾಲಿ. ನನ್ನ ಚಾರ್ಜರ್ ಸಿಕ್ಕಿಸಿದೆ. ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್.

ಮರುದಿನ ಮತ್ತೆ ಬ್ಯಾಗ್, ಕೊಡೆ, ಬಸ್ಸು, ಜ್ಯೋತಿ ಸರ್ಕಲಿನಲ್ಲಿ ಅರ್ಧ ಗಂಟೆ ಟ್ರಾಫಿಕ್ ಬ್ಲಾಕ್. ಈ ಸಲ ಹೊಸ ಕಥೆ. “ಬೋರ್ಡಿನಲ್ಲಿ ಚಾರ್ಜಿಂಗ್ ಐಸಿ ಚಿಪ್ ಹೋಗಿದೆ. ಇಲ್ಲಿ ಸಮುದ್ರದ ಗಾಳಿ ಅಲ್ವಾ ಅಕ್ಕ, ಉಪ್ಪು ಹಿಡೀತದೆ.” ನಾನು ತಲೆ ಅಲ್ಲಾಡಿಸಿದೆ. ಯಾಕೆಂದರೆ ನಮ್ಮ ಮನೆಯ ಗೇಟಿಗೂ ತುಕ್ಕು ಹಿಡಿದಿದೆ, ಇಸ್ತ್ರಿ ಪೆಟ್ಟಿಗೆಗೂ ಹಿಡಿದಿದೆ. ಮಂಗಳೂರಿನವರಿಗೆ ಸಮುದ್ರದ ಗಾಳಿ ಅಂದರೆ ಸಾಕು, ಎಲ್ಲವನ್ನೂ ನಂಬುತ್ತೇವೆ. 3,500. “ಇದು ಕ್ಯಾಶ್ ಕೊಡಿ ಅಕ್ಕ.” ಮೂರು ದಿನ ಇಟ್ಟುಕೊಂಡ. ಆ ಮೂರು ದಿನ ನಾನು ಪಕ್ಕದ ಮನೆಯ ಹುಡುಗಿಯ ಲ್ಯಾಪ್‌ಟಾಪ್ ಬೇಡಿ ತಂದು ಕೆಲಸ ಮಾಡಿದೆ.

ಮೂರು ದಿನ ಕಳೆದು ಹೋದೆ. ಅವನ ಚಾರ್ಜರ್, ಅವನ ಪ್ಲಗ್, ದೀಪ ಹೊತ್ತಿತು. ನನ್ನ ಮನೆ, ನನ್ನ ಚಾರ್ಜರ್, ಇಲ್ಲ. ಅಷ್ಟಾದರೂ ನನಗೆ ಚಾರ್ಜರ್ ಮೇಲೆ ಸಂಶಯವೇ ಬರಲಿಲ್ಲ. ಲ್ಯಾಪ್‌ಟಾಪ್ ಅದರಲ್ಲೇ ನಡೆಯುತ್ತಿದೆಯಲ್ಲ, ಚಾರ್ಜರ್ ಸರಿ ಇದ್ದರೆ ತಾನೇ ನಡೆಯುವುದು? ಹಾಗಂತ ನನ್ನ ಲೆಕ್ಕ. ಫೋನ್ ಮಾಡಿದರೆ “ಹಾಗಾದ್ರೆ ಮದರ್‌ಬೋರ್ಡೇ ಚೇಂಜ್ ಮಾಡ್ಬೇಕು, 14,000 ಆಗ್ತದೆ. ಇಲ್ಲಾಂದ್ರೆ ನನಗೆ ಕೊಡಿ, 6,000 ಕೊಡ್ತೇನೆ” ಅಂದ. ಕೊಡುವ ಯೋಚನೆ ಮಾಡಿದ್ದೆ ಮಾರಾಯ್ರೇ, ಸುಳ್ಳು ಹೇಳುವುದಿಲ್ಲ.

ಗೊತ್ತಾದದ್ದು ಬಂದರಿನಲ್ಲಿ. ಅಲ್ಲಿ ನನ್ನ ಪಾರ್ಟಿ ಒಬ್ಬರ ಹಾರ್ಡ್‌ವೇರ್ ಅಂಗಡಿ ಉಂಟು. ಪರ್ಚೇಸ್ ಬಿಲ್ ತರಲು ಹೋದಾಗ ಲ್ಯಾಪ್‌ಟಾಪ್ ಅಲ್ಲೇ ಆನ್ ಮಾಡಿದೆ. ಶುರುವಿನಲ್ಲಿ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬಂತು. ಒಂದು ಬಟನ್ ಒತ್ತಿ ಮುಂದೆ ಹೋದೆ. ಬಿಲ್ ಬರೆಯುವ ಹುಡುಗ ಹಿಂದೆ ನಿಂತಿದ್ದ. “ಅಕ್ಕ, ಅದು ಎಂತ ಬಂದದ್ದು?” ಅಂದ. “ಅದು ದಿನಾ ಬರ್ತದೆ” ಅಂದೆ. “ಓದಿದ್ದೀರಾ?”

ಓದಿರಲಿಲ್ಲ. ಮತ್ತೆ ಆನ್ ಮಾಡಿ ಇಬ್ಬರೂ ಓದಿದೆವು. ಅಡಾಪ್ಟರ್ ಯಾವುದು, ಎಷ್ಟು ವಾಟ್ ಅಂತ ಗೊತ್ತಾಗುತ್ತಿಲ್ಲ, ಬ್ಯಾಟರಿ ಚಾರ್ಜ್ ಆಗದೆ ಇರಬಹುದು, ಲ್ಯಾಪ್‌ಟಾಪ್ ನಿಧಾನವೂ ಆಗಬಹುದು. ಇದೇ ಅದರಲ್ಲಿದ್ದದ್ದು. ಒಂದೂವರೆ ತಿಂಗಳಿಂದ ದಿನಾ ಬೆಳಿಗ್ಗೆ ಲ್ಯಾಪ್‌ಟಾಪೇ ನನಗೆ ಹೇಳುತ್ತಿತ್ತು. ನಾನು ದಿನಾ ಅದರ ಬಾಯಿ ಮುಚ್ಚಿಸುತ್ತಿದ್ದೆ. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ನಿಧಾನ ಆಯಿತು ಅಂತ ಟ್ಯಾಲಿಗೆ ಬೈದದ್ದು ಬೇರೆ.

ಹುಡುಗ ನನ್ನ ಚಾರ್ಜರಿನ ಪಿನ್ ತೆಗೆದು ಮೊಬೈಲ್ ಟಾರ್ಚ್ ಹಿಡಿದ. ಅಂಗಡಿಯ ಚಾರ್ಜರನ್ನೂ ಪಕ್ಕದಲ್ಲಿ ಹಿಡಿದ. ಅದರ ದುಂಡು ತೂತಿನ ನಡುವೆ ಸೂಜಿಯಂಥ ಒಂದು ಕಡ್ಡಿ ನೆಟ್ಟಗೆ ನಿಂತಿತ್ತು. ನನ್ನದರಲ್ಲಿ ಬುಡದ ಚೂರು ಮಾತ್ರ. ಜೂನಿನಲ್ಲಿ ಕತ್ತಲೆಯಲ್ಲಿ ವೈರ್ ಕಾಲಿಗೆ ಸಿಕ್ಕಿ ಎಳೆದದ್ದು ಆಗ ನೆನಪಾಯಿತು. ಡೆಲ್, ಎಚ್‌ಪಿಯ ದುಂಡು ಪಿನ್ನಿನ ಚಾರ್ಜರುಗಳಲ್ಲಿ ಈ ಕಡ್ಡಿ ಇರುತ್ತದೆ. ಕರೆಂಟ್ ಬರುವುದು ಸುತ್ತಲಿನ ಲೋಹದಿಂದ. ಕಡ್ಡಿಯ ಕೆಲಸ ‘ನಾನು 65 ವಾಟಿನವ’ ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳುವುದು. ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಬ್ಯಾಟರಿ ತುಂಬುವುದಿಲ್ಲ. ಅಂಗಡಿಯ ಚಾರ್ಜರ್ ಸಿಕ್ಕಿಸಿದ. 19.5 ವೋಲ್ಟ್, 3.34 ಆಂಪ್, ನನ್ನದೇ ಅಳತೆ. ಬಿಳಿ ದೀಪ ಹೊತ್ತಿತು. ಚಾರ್ಜಿಂಗ್.

ನನಗೆ ಆಗ ಬೆವರು ಬಂತು. ಅಂದರೆ ಮೊದಲ ದಿನ ಕರ್ಟನ್ ಹಿಂದೆ ಅವನ ಚಾರ್ಜರ್ ಸಿಕ್ಕಿಸಿದ ಮೊದಲ ನಿಮಿಷಕ್ಕೇ ನನ್ನ ಹಳೇ ಬ್ಯಾಟರಿ ಚಾರ್ಜ್ ಆಗಿರಬೇಕು! ಅವನಿಗೆ ಆಗಲೇ ಗೊತ್ತು. ಗೊತ್ತಿದ್ದೇ ಹೊರಗೆ ಬಂದು ಡೆಡ್ ಅಂದ. ಮತ್ತೆ ಬೋರ್ಡ್ ಅಂದ. ಮತ್ತೆ ತಪ್ಪನ್ನು ಸಮುದ್ರದ ಗಾಳಿಯ ಮೇಲೆ ಹಾಕಿದ.

ಇಷ್ಟಕ್ಕೇ ಮುಗಿಯಲಿಲ್ಲ. ಆ ಹುಡುಗನೇ ಕಮಾಂಡ್ ಪ್ರಾಂಪ್ಟ್, ಅಂದರೆ ವಿಂಡೋಸಿಗೆ ಆಜ್ಞೆ ಟೈಪ್ ಮಾಡುವ ಕಿಟಕಿ, ತೆರೆದು ‘ಪವರ್‌ಸಿಎಫ್‌ಜಿ’, ಒಂದು ಸ್ಪೇಸ್, ಓರೆ ಗೆರೆ, ‘ಬ್ಯಾಟರಿರಿಪೋರ್ಟ್’ ಅಂತ ಇಂಗ್ಲಿಷಿನಲ್ಲಿ (powercfg /batteryreport) ಹೊಡೆದ. ವಿಂಡೋಸ್ ಒಂದು ವರದಿ ಕೊಡುತ್ತದೆ. ಅದರಲ್ಲಿ ವಾರವಾರದ ಲೆಕ್ಕ ಇರುತ್ತದೆ, ಬ್ಯಾಟರಿ ತೆಗೆದರೂ ಹಳೇ ಲೆಕ್ಕ ಅಳಿಯುವುದಿಲ್ಲ. ಲೆಕ್ಕ ನೋಡುವುದು ನನ್ನ ಕಸುಬು ತಾನೇ. 42,000 ಮಿಲಿವಾಟ್ ಅವರ್ ಚಾರ್ಜ್ ಹಿಡಿಯಬೇಕಾದ ನನ್ನ ‘ಡೆಡ್’ ಬ್ಯಾಟರಿ ಜುಲೈವರೆಗೂ 35,700 ಹಿಡಿಯುತ್ತಿತ್ತು. ಶೇಕಡಾ 85. ಇವನು ಹಾಕಿದ ‘ಹೊಸ’ ಬ್ಯಾಟರಿ ಹಿಡಿಯುವುದು 27,300. ಸೈಕಲ್ ಕೌಂಟ್ 386. ಹೊಸ ಬ್ಯಾಟರಿ ನಮ್ಮ ಮನೆಗೆ ಬರುವ ಮೊದಲೇ ಅಷ್ಟು ಸಲ ಚಾರ್ಜ್ ಆಗಿತ್ತು. ಮೇಲಿನ ಸ್ಟಿಕ್ಕರ್ ಮಾತ್ರ ಹೊಸತು.

ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್ ಮಾಡಿದೆ. ಅವನ ಉತ್ತರ ಹಾಗೇ ಬರೆಯುತ್ತೇನೆ:

“ಅದು ಸಾಫ್ಟ್‌ವೇರ್ ಲೆಕ್ಕ ಅಕ್ಕ, ಸರಿ ಇರುದಿಲ್ಲ.”

ಪಿನ್ನಿನ ಫೋಟೋ ಹಾಕಿದೆ.

“ನೀವು ಚಾರ್ಜರ್ ತರಲೇ ಇಲ್ಲ, ನಮಗೆ ಹೇಗೆ ಗೊತ್ತಾಗ್ಬೇಕು?”

ತರಬೇಡಿ ಅಂದವರು ಯಾರು ಅಂತ ಕೇಳಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ. ರಾತ್ರಿ ಒಂಬತ್ತಕ್ಕೆ: “ಮೇಡಂ, ಬಿಲ್ ಉಂಟಾ?”

ಅಲ್ಲಿಯವರೆಗೆ ಅಕ್ಕ. ಬಿಲ್ ಇಲ್ಲ ಅಂತ ಅವನಿಗೂ ಗೊತ್ತಿದ್ದ ಆ ಹೊತ್ತಿಗೆ ಮೇಡಂ. ಅದನ್ನು ಓದಿ ನಾನು ಎಷ್ಟು ಹೊತ್ತು ಸುಮ್ನೆ ಕೂತಿದ್ದೆ ಅಂತ ಗೊತ್ತಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂತ ಬರೆದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗೆ ಫೀಸೂ ಇಲ್ಲ ಅಂತಲೂ ಸೇರಿಸಿದೆ. ಬೆಳಿಗ್ಗೆ 2,000 ಫೋನಿಗೆ ಬಂದು ಬಿತ್ತು. “ಸೆಟ್ಲ್ ಆಯ್ತಲ್ಲ ಅಕ್ಕ” ಅಂತ ಮೆಸೇಜ್. ಮತ್ತೆ ಅಕ್ಕ! ನನಗೆ ಸೆಟ್ಲ್ ಆಗಿಲ್ಲ. ದೂರು ಕೊಟ್ಟಿದ್ದೇನೆ. ಕೈಯಲ್ಲಿ ಇರುವುದು 4,200 ಹೋದದ್ದರ ದಾಖಲೆ ಒಂದೇ. 3,500 ಕ್ಯಾಶಿಗೆ ಒಂದು ಚೀಟಿಯೂ ಇಲ್ಲ.

ನೀವಾದರೂ ಚಾರ್ಜರ್ ಒಟ್ಟಿಗೆ ತೆಗೆದುಕೊಂಡು ಹೋಗಿ. ನಿಮ್ಮದೇ ಚಾರ್ಜರ್ ಸಿಕ್ಕಿಸಿ ಕಣ್ಣೆದುರು ತೋರಿಸಲಿ, ಕರ್ಟನ್ ಹಿಂದೆ ಅಲ್ಲ. ಅದಕ್ಕೂ ಮೊದಲು ಅದೇ ಅಳತೆಯ ಬೇರೆ ಚಾರ್ಜರ್ ಯಾರದ್ದಾದರೂ ಸಿಕ್ಕಿದರೆ ಹಾಕಿ ನೋಡಿ. ಆ ಬ್ಯಾಟರಿ ವರದಿ ಮನೆಯಲ್ಲೇ ತೆಗೆದು ಇಟ್ಟುಕೊಳ್ಳಿ. ಹಳೇ ಸಾಮಾನು ವಾಪಸ್ ಕೇಳಿ. ಬಿಲ್ ಬಗ್ಗೆ ನಾನು ಏನು ಹೇಳಲಿ, ಹೇಳುವ ಮುಖವೇ ಇಲ್ಲ.

ಹೊಸ ಚಾರ್ಜರ್ ತೆಗೆದುಕೊಂಡೆ, 1,850, ಬಿಲ್ ಸಮೇತ. ಅಷ್ಟರಲ್ಲೇ ಮುಗಿಯುತ್ತಿದ್ದ ಕೆಲಸ. ಅವನ ಬ್ಯಾಟರಿ ಈಗಲೂ ಒಳಗೆ ಉಂಟು, ಎರಡು ಗಂಟೆ ಬರುತ್ತದೆ. ನನ್ನದು ಮೂರು ಗಂಟೆ ದಾಟುತ್ತಿತ್ತು. ಅದಕ್ಕೆ ಯಾವ ಸ್ಟಿಕ್ಕರ್ ಬಿತ್ತೋ, ಯಾರ ಲ್ಯಾಪ್‌ಟಾಪಿನಲ್ಲಿ ‘ಹೊಸತು’ ಅಂತ ಕೂತಿದೆಯೋ.