ಮೂಡಿಗೆರೆ ಕಡೆಯ ಮನೆಗೆ ವೈಫೈಯೋ, ಜಿಗ್‌ಬಿಯೋ, ಕೆಎನ್‌ಎಕ್ಸೋ?

ಲೈಟು, ಫ್ಯಾನುಗಳನ್ನು ಫೋನಿನಿಂದ ನಡೆಸುವ ಸ್ಮಾರ್ಟ್ ಸ್ವಿಚ್ಚುಗಳಿಗೆ ಇವು ಮೂರು ದಾರಿ. ಗೋಡೆಗೆ ಇನ್ನೂ ಗಾರೆ ಬಿದ್ದಿಲ್ಲವೆಂದರೆ ತಂತಿಯಲ್ಲಿ ನಡೆಯುವ ಕೆಎನ್‌ಎಕ್ಸ್ ಯೋಚಿಸಬಹುದು. ಸಂದೇಶ ಒಯ್ಯುವ ಪ್ರತ್ಯೇಕ ಬಸ್ ಕೇಬಲ್ ಎಳೆಯಬೇಕು, ದುಬಾರಿ, ನೆಟ್ ಬೇಕಿಲ್ಲ.

ನಾಲ್ಕೈದು ಸ್ವಿಚ್ಚಿಗಷ್ಟೇ ಆದರೆ ವೈಫೈ ಅಗ್ಗ. ಕ್ಲೌಡ್ (ಕಂಪನಿಯ ಇಂಟರ್ನೆಟ್ ಸರ್ವರ್) ನೆಚ್ಚಿದ ಮಾಡೆಲ್ ಬೇಡ: ಮಳೆಗಾಲದಲ್ಲಿ ನೆಟ್ ಹೋದರೆ ಆ್ಯಪ್ ಕೈಕೊಡುತ್ತದೆ.

ಕಟ್ಟಿದ ಮನೆಗೆ ಪೂರ್ತಿ ಮಾಡಿಸುವುದಾದರೆ ಸಾಧನಗಳೇ ಒಂದರಿಂದೊಂದಕ್ಕೆ ಸಿಗ್ನಲ್ ದಾಟಿಸುವ ವೈರ್‌ಲೆಸ್ ಜಾಲ ಜಿಗ್‌ಬಿಯೇ ಮೇಲು. ಹಳೇ ತೊಟ್ಟಿಮನೆಯ ದಪ್ಪ ಗೋಡೆ ಸಿಗ್ನಲ್ ನುಂಗಿದರೂ ಕರೆಂಟಿನಲ್ಲಿ ನಡೆಯುವ ಪ್ಲಗ್, ಸ್ವಿಚ್ಚುಗಳು ಅದನ್ನು ಮುಂದಕ್ಕೆ ದಾಟಿಸುತ್ತವೆ. ಬ್ಯಾಟರಿ ಸೆನ್ಸರ್ ದಾಟಿಸುವುದಿಲ್ಲ. ನ್ಯೂಟ್ರಲ್ (ಕರೆಂಟ್ ಹಿಂದಿರುಗುವ ವೈರ್) ಬೇಡದ ಸ್ವಿಚ್ಚುಗಳೂ ಸಾಮಾನ್ಯವಾಗಿ ಹಾಗೆಯೇ. ಆದ್ದರಿಂದ ಕೊಳ್ಳುವ ಮುನ್ನ ಮೇನ್ ಆಫ್ ಮಾಡಿಸಿ ಬೋರ್ಡ್ ಬಿಚ್ಚಿಸಿ ನ್ಯೂಟ್ರಲ್ ಇದೆಯೇ ನೋಡಿ. ಅದರಲ್ಲೇ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ವೈರೂ ಇರುತ್ತದೆ. ಹಬ್ (ಜಿಗ್‌ಬಿ ಸಾಧನಗಳನ್ನು ನಡೆಸುವ ಪೆಟ್ಟಿಗೆ), ರೂಟರ್ ಎರಡನ್ನೂ ಯುಪಿಎಸ್ ಲೈನಿಗೆ ಹಾಕಿಸಿ. ಸಿಡಿಲಿನ ಸೀಮೆ, ಯಾವುದನ್ನೇ ಆರಿಸಿದರೂ ಡಿಬಿಯಲ್ಲಿ (ಮನೆಗೆಲ್ಲ ಕರೆಂಟ್ ಹಂಚುವ ಬೋರ್ಡಿನಲ್ಲಿ) ಟೈಪ್ 2 ಸರ್ಜ್ ಪ್ರೊಟೆಕ್ಟರ್ (ಏಕಾಏಕಿ ಏರುವ ವೋಲ್ಟೇಜಿನಿಂದ ಕಾಪಾಡುವ ಸಾಧನ), ಜೊತೆಗೆ ಸರಿಯಾದ ಅರ್ಥಿಂಗ್ ಬೇಕೇ ಬೇಕು.