ಮಂಡ್ಯ ನೂರಡಿ ರಸ್ತೆಯ ಮೊಬೈಲ್ ರಿಪೇರಿ ಅಂಗಡಿ: ಹೆದರಿಸದೆ ಕೆಲಸ ಮಾಡಿಕೊಟ್ಟರು

ನಾನು ಮನೆಯಲ್ಲೇ ಬೆಲ್ಲದ ಪುಡಿ ಪ್ಯಾಕ್ ಮಾಡಿ ಮಾರುತ್ತೇನೆ. ಆರ್ಡರ್, ವಿಳಾಸ, ಹಣ ಎಲ್ಲ ಒಂದೇ ಫೋನಿನಲ್ಲಿ. ಹಾಗಾಗಿ 2025ರ ಮೇ ತಿಂಗಳಲ್ಲಿ, ಭಾರತ–ಪಾಕಿಸ್ತಾನ ಸಂಘರ್ಷದ ಹೊತ್ತಿನಲ್ಲಿ, ನಿದ್ದೆಯೇ ಬರುತ್ತಿರಲಿಲ್ಲ. ‘ಡ್ಯಾನ್ಸ್ ಆಫ್ ದಿ ಹಿಲರಿ’ ಅನ್ನೋ ವಿಡಿಯೊ ತೆರೆದರೆ ಪಾಕಿಸ್ತಾನದ ಹ್ಯಾಕರ್‌ಗಳು ಫೋನಿಗೆ ನುಗ್ಗುತ್ತಾರೆ ಅಂತ ನೆಂಟರ ಗ್ರೂಪಿನಲ್ಲಿ ಬಂತು. ಅದರ ಹಿಂದೆಯೇ ಇನ್ನೊಂದು: ಸೈಬರ್ ದಾಳಿಯಿಂದ ದೇಶದ ಶೇ 70ರಷ್ಟು ವಿದ್ಯುತ್ ಜಾಲ ನಿಂತುಹೋಗಿದೆಯಂತೆ. ನಮ್ಮ ಮಾವ ಫೋನ್ ಆಫ್ ಮಾಡಿ ಬೀರುವಿನಲ್ಲಿಟ್ಟರು.

ಮೊದಲು ಹೋದ ಅಂಗಡಿಯವರು ನೋಡದೆಯೇ, ‘ವೈರಸ್ ಇರುತ್ತೆ, ಫಾರ್ಮ್ಯಾಟ್ ಮಾಡ್ಬೇಕು, 600 ರೂಪಾಯಿ’ ಅಂದರು. ಎದ್ದು ಬಂದೆ.

ಈ ಅಂಗಡಿಯ ಹುಡುಗ ಮೊದಲು ಕೇಳಿದ್ದೇ, ‘ಅಕ್ಕ, ಆ ಫೈಲ್ ಬಂದಿದ್ಯಾ, ಇಲ್ಲಾ ಎಚ್ಚರಿಕೆ ಮೆಸೇಜ್ ಮಾತ್ರಾನಾ?’ ನೋಡಿದರೆ ಫೈಲ್ ಯಾರಿಗೂ ಬಂದಿರಲಿಲ್ಲ. ವಿದ್ಯುತ್ ಸುದ್ದಿ ಸುಳ್ಳು ಅಂತ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಹಾಕಿದ್ದನ್ನೂ ತೋರಿಸಿದ. ‘ಈ ಹ್ಯಾಕರ್ ಗುಂಪುಗಳು ಒಂದು ವೆಬ್‌ಸೈಟಿಗೆ ಸುಳ್ಳು ಗಿರಾಕಿಗಳನ್ನ ಒಟ್ಟಿಗೆ ನುಗ್ಗಿಸ್ತವೆ. ಸ್ವಲ್ಪ ಹೊತ್ತು ಅದು ತೆರೆಯಲ್ಲ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದು ಟೆಲಿಗ್ರಾಂಗೆ ಹಾಕ್ತಾರೆ. ಉಳಿದಿದ್ದು ನಾವು ಫಾರ್ವರ್ಡ್ ಮಾಡೋರು ಮಾಡ್ತೀವಿ’ ಅಂದ. ನಾನೂ ಮೂರು ಗ್ರೂಪಿಗೆ ಕಳಿಸಿದ್ದೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ದೇಶದ ವೆಬ್‌ಸೈಟ್‌ಗಳ ಮೇಲೆ ಆದ ಸುಮಾರು 15 ಲಕ್ಷ ಸೈಬರ್ ದಾಳಿಗಳಲ್ಲಿ ಗುರಿ ಮುಟ್ಟಿದ್ದು 150 ಮಾತ್ರ ಅಂತ ಮಹಾರಾಷ್ಟ್ರ ಸೈಬರ್ ಇಲಾಖೆ ಹೇಳಿದ್ದನ್ನು ಆಮೇಲೆ ಓದಿದೆ.

ನಿಜವಾದ ತೊಂದರೆ ನನ್ನ ಫೋನಿನೊಳಗೇ ಇತ್ತು. ವಾಟ್ಸಾಪ್‌ನಲ್ಲಿ ಬಂದ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ ಆನ್ ಆಗಿತ್ತು. ಮದುವೆ ಕರೆಯೋಲೆ ಹೆಸರಿನಲ್ಲಿ ಬರುತ್ತವಲ್ಲ ಎಪಿಕೆ ಅನ್ನೋ ಆ್ಯಪ್ ಫೈಲ್‌ಗಳು, ಅವು ಒಳಗೆ ಬರುವುದು ಹೀಗೇ. ನಮ್ಮ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ‘ಲಿಂಕ್ಡ್ ಡಿವೈಸಸ್’ ತೆರೆದರೆ, ಬಿಲ್ ಪ್ರಿಂಟ್ ತೆಗೆಸಿದ್ದ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಇನ್ನೂ ಅಲ್ಲೇ ಇತ್ತು! ನನ್ನ ಗಿರಾಕಿಗಳ ಮೆಸೇಜೆಲ್ಲ ಅಲ್ಲಿ ಯಾರು ಬೇಕಾದರೂ ಓದಬಹುದಿತ್ತು, ಅಲ್ವಾ? ಎರಡನ್ನೂ ತೆಗೆದ. ಬೇರೆಯವರು ನಮ್ಮ ನಂಬರಿನಲ್ಲಿ ವಾಟ್ಸಾಪ್ ತೆರೆಯದಂತೆ ತಡೆಯುವ ಟೂ ಸ್ಟೆಪ್ ವೆರಿಫಿಕೇಶನ್‌ಗೆ 6 ಅಂಕಿಯ ಪಿನ್ ನನ್ನಿಂದಲೇ ಹಾಕಿಸಿದ. ಒತ್ತುವಾಗ ಮುಖ ಆ ಕಡೆ ತಿರುಗಿಸಿಕೊಂಡ. ಇದು ನನಗೆ ತುಂಬ ಹಿಡಿಸಿತು.

100 ರೂಪಾಯಿ ತೆಗೆದುಕೊಂಡರು. ಕೂರಲು ಜಾಗ ಇಲ್ಲ, ಬಿಸಿಲಿನಲ್ಲಿ 40 ನಿಮಿಷ ನಿಂತೆ. ಸಂಜೆ ರಶ್ ಇನ್ನೂ ಜಾಸ್ತಿ, ಬೆಳಗ್ಗೆಯೇ ಹೋಗಿ.

ಮಾರನೇ ದಿನ ಮಾವನ ಫೋನನ್ನೂ ಬೀರುವಿನಿಂದ ತೆಗೆದು ಒಯ್ದೆ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ತಕ್ಷಣ ಕರೆ ಮಾಡಬೇಕಾದ 1930 ನಂಬರನ್ನು ಒಂದು ಚೀಟಿಯಲ್ಲಿ ದಪ್ಪಗೆ ಬರೆದು ಕವರ್ ಒಳಗೆ ಇಟ್ಟುಕೊಟ್ಟ. ಅವತ್ತು ಕಾಸು ತೆಗೆದುಕೊಳ್ಳಲಿಲ್ಲ.