ಚೆಸ್‌ನ ಮಿಡಲ್ ಗೇಮ್ ಕಲಿಯಲು ಕಾಲಾಳು ರಚನೆಯೋ, ಕಾರ್ಪೋವ್ ಆಟಗಳೋ?

ಚೆಸ್‌ನಲ್ಲಿ ಓಪನಿಂಗ್, ಅಂದರೆ ಆರಂಭದ ನಡೆಗಳು, ಬಾಯಿಪಾಠ ಇರುತ್ತವೆ, ಆಮೇಲೆ ಮಿಡಲ್ ಗೇಮ್‌ನಲ್ಲಿ, ಅಂದರೆ ಆಟದ ನಡುಭಾಗದಲ್ಲಿ, ಏನಾಡಬೇಕೆಂದೇ ತೋಚುವುದಿಲ್ಲ ಅಲ್ವಾ? ಅಲ್ಲಿಂದ ಕಲಿಯಲು ಎರಡು ಒಳ್ಳೆಯ ದಾರಿಗಳಿವೆ.

ಒಂದು, ಕಾಲಾಳುಗಳ ರಚನೆ, ಅಂದರೆ ಅವು ಹಲಗೆಯ ಮೇಲೆ ನಿಂತಿರುವ ವಿನ್ಯಾಸ, ಹಿಡಿದು ಕಲಿಯುವುದು. ಕ್ವೀನ್ಸ್ ಗ್ಯಾಂಬಿಟ್ ಎಂಬ ಓಪನಿಂಗ್‌ನ ಎಕ್ಸ್‌ಚೇಂಜ್ ಆಟದಲ್ಲಿ (ಡಿ5ರಲ್ಲಿ ಕಾಲಾಳು ಬದಲಿಸಿಕೊಳ್ಳುವ ಬಗೆ) ಬಿಳಿಯವರು ಬಿ ಸಾಲಿನ ಕಾಲಾಳನ್ನು ಬಿ5 ಮನೆಯವರೆಗೆ ತಳ್ಳುತ್ತಾರೆ. ಕಪ್ಪಿನವರಿಗೆ ಸಿ6ರಲ್ಲಿ ದುರ್ಬಲ ಕಾಲಾಳು ಉಳಿಯಲಿ ಎಂಬುದೇ ಉದ್ದೇಶ. ನಿಮ್ಮ ಕಾಲಾಳು ಡಿ4ರಲ್ಲಿ ಒಂಟಿಯಾಗಿದ್ದರೆ, ಅಂದರೆ ಅಕ್ಕಪಕ್ಕದ ಸಾಲುಗಳಲ್ಲಿ ನಿಮ್ಮ ಬೇರೆ ಕಾಲಾಳು ಇಲ್ಲದಿದ್ದರೆ, ಯೋಜನೆಯೇ ಬೇರೆ. ಕುದುರೆಯನ್ನು ಇ5ಕ್ಕೆ ತಂದು ದಾಳಿಗೆ ಇಳಿಯಬೇಕು. ಎದುರಾಳಿ ಡಿ5ರಲ್ಲಿ ಕುದುರೆ ಕೂರಿಸಿ ತಡೆಯುತ್ತಾರೆ. ಸುಮ್ನೆ ಕಾಯಿಗಳನ್ನು ಬದಲಿಸಿಕೊಳ್ಳುತ್ತಾ ಹೋದರೆ ಆ ಕಾಲಾಳು ನಿಮಗೇ ಹೊರೆ. ಇದನ್ನು ಒಮ್ಮೆ ತಿಳಿದರೆ ಬೇರೆ ಬೇರೆ ಓಪನಿಂಗ್‌ಗಳಲ್ಲೂ ಕೆಲಸಕ್ಕೆ ಬರುತ್ತದೆ.

ಇನ್ನೊಂದು, ಒಬ್ಬ ದೊಡ್ಡ ಆಟಗಾರನ ಆಟಗಳನ್ನು ಹಲಗೆಯ ಮೇಲೆ ಆಡಿ ನೋಡುವುದು. 1974ರ ನೀಸ್ ಚೆಸ್ ಒಲಿಂಪಿಯಾಡ್‌ನಲ್ಲಿ, ಮುಂದೆ ವಿಶ್ವ ಚಾಂಪಿಯನ್ ಆದ ಅನಾತೊಲಿ ಕಾರ್ಪೋವ್, ಜರ್ಮನ್ ಗ್ರ್ಯಾಂಡ್‌ಮಾಸ್ಟರ್ ಉನ್‌ಜಿಕರ್ ವಿರುದ್ಧ ಒಂಟೆಯನ್ನು ಎ7ರಲ್ಲಿಟ್ಟು ಎ ಸಾಲನ್ನೇ ಮುಚ್ಚಿದರು. ಅದರ ಮರೆಯಲ್ಲಿ ಆನೆಗಳನ್ನು ಜೋಡಿಸಿಕೊಂಡರು. ಎಂಥ ನಡೆ! ಇಂಥ ತಾಳ್ಮೆ ನಿಯಮಗಳಿಂದ ಬರುವುದಿಲ್ಲ. ಆದರೆ ಟಿಪ್ಪಣಿ ಇಲ್ಲದಿದ್ದರೆ ಹೊಸಬರಿಗೆ ಕಷ್ಟ.

ಕಾಯಿಗಳನ್ನು ಇನ್ನೂ ಪುಕ್ಕಟೆ ಕಳೆದುಕೊಳ್ಳುವವರಿಗೆ ಮೊದಲು ಪಜಲ್‌ಗಳೇ ಸರಿ. ಅದನ್ನು ದಾಟಿದವರಿಗೆ ನನ್ನ ಆಯ್ಕೆ ರಚನೆ, ಅದೂ ನೀವು ಆಡುವ ಓಪನಿಂಗ್‌ನಿಂದ ಬರುವ ಒಂದೇ ರಚನೆ. ಕಾರ್ಪೋವ್ ಆಮೇಲೆ.